ಅಲಾರಂ ಹೊಡೆದರೆ ಎದ್ದು ಹೋಗುವವರು ಯಾರು?

ಆತ್ಮಹತ್ಯೆ ತಡೆಗೆ ತಂತ್ರಜ್ಞಾನ ಹೇಗೆ ನೆರವಾಗಬಹುದು ಅನ್ನುವ ವಿಷಯದಲ್ಲಿ ಪಿಎಚ್‌ಡಿ ಮಾಡಬೇಕು ಅಂತ ಕೇಳಿಕೊಂಡು ಬರುವ ವಿದ್ಯಾರ್ಥಿಗಳು ಈಚೆಗೆ ಜಾಸ್ತಿಯಾಗಿದ್ದಾರೆ. ಹೆಚ್ಚಿನವರ ಮೊದಲ ಪ್ರಶ್ನೆ ಒಂದೇ. ‘ಡೇಟಾ ಎಲ್ಲಿ ಸಿಕ್ತು? ಯಾವ ಮಾಡೆಲ್ ಬಳಸಿದ್ರಿ?’ ಮಾಡೆಲ್ ಅಂದರೆ ಡೇಟಾದಿಂದ ಕಲಿತು ಊಹೆ ಮಾಡುವ ಪ್ರೋಗ್ರಾಂ. ನನ್ನ ಕೆಲಸದಲ್ಲಿ ಮಾಡೆಲ್ಲೇ ಇಲ್ಲ. ಇದ್ದದ್ದು ಆತ್ಮಹತ್ಯೆಯ ಆಲೋಚನೆ ಬಂದ ಹೊತ್ತಿನಲ್ಲಿ ಏನು ಮಾಡಬೇಕು ಅಂತ ಬರೆದಿಟ್ಟುಕೊಳ್ಳಲು ಆಸ್ಪತ್ರೆಗಳಲ್ಲಿ ಬಳಸುವ ಒಂದು ಹಾಳೆ, ಅದನ್ನು ಕನ್ನಡದಲ್ಲಿ, ಫೋನಿನಲ್ಲಿ ತರಬಹುದಾ ಅನ್ನುವ ಪ್ರಶ್ನೆ. ಇದನ್ನು ಕೇಳಿ ಕೆಲವರ ಮುಖ ಸಪ್ಪೆಯಾಗುತ್ತದೆ. ಅವರಿಗೆ ಟೀ ಕುಡಿಯುತ್ತಾ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ನಾನು ಭೇಟಿಯಾದ ಯಾರ ಕಥೆಯೂ ಇಲ್ಲಿ ಬರುವುದಿಲ್ಲ. ಹೆಸರು ಬದಲಿಸಿ ಕೂಡ ಬರೆಯುವುದಿಲ್ಲ. ಅವರು ಒಪ್ಪಿ ಸಹಿ ಹಾಕಿದ್ದು ಸಂಶೋಧನಾ ಪ್ರಬಂಧಕ್ಕೆ, ಇಂಥ ಬರಹಕ್ಕಲ್ಲ. ಕೆಲಸ ಹೇಗೆ ನಡೆಯಿತು ಅನ್ನುವುದನ್ನಷ್ಟೇ ಹೇಳುತ್ತೇನೆ.

ನನ್ನ ಕ್ಷೇತ್ರಕ್ಕೆ ಎಚ್‌ಸಿಐ ಅಂತಾರೆ. ಹ್ಯೂಮನ್ ಕಂಪ್ಯೂಟರ್ ಇಂಟರ್‌ಆ್ಯಕ್ಷನ್. ಮನುಷ್ಯರು ಯಂತ್ರಗಳ ಜೊತೆ ಹೇಗೆ ಒಡನಾಡುತ್ತಾರೆ, ಆ ಯಂತ್ರಗಳನ್ನು ಹೇಗೆ ರೂಪಿಸಬೇಕು ಅನ್ನುವುದು ಅದರ ವಸ್ತು. ಬಟನ್ ಎಲ್ಲಿರಬೇಕು ಅನ್ನುವುದರಿಂದ ಹಿಡಿದು ಈ ಬಟನ್ ಬೇಕೇ ಬೇಕಾ ಅನ್ನುವವರೆಗೆ ಎಲ್ಲವೂ ಅದರೊಳಗೆ ಬರುತ್ತದೆ. ನನಗೆ ಕೊನೆಗೆ ಮುಖ್ಯವಾಗಿದ್ದು ಈ ಎರಡನೇ ಪ್ರಶ್ನೆ.

ಕೆಲಸದ ತೂಕ ಗೊತ್ತಾಗಲು ಎರಡು ಅಂಕಿ ಸಾಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆಯಿಂದ ತೀರಿಕೊಂಡರು. ಅದರಲ್ಲಿ ಕರ್ನಾಟಕದವರು 13,606. ಪೊಲೀಸ್ ದಾಖಲೆಗೆ ಬಂದವರ ಲೆಕ್ಕ ಇದು.

ಇಷ್ಟು ದೊಡ್ಡ ಸಂಖ್ಯೆ ಕಂಡ ಕೂಡಲೇ ಕಂಪ್ಯೂಟರಿನವರಿಗೆ ಹೊಳೆಯುವುದು ಒಂದೇ: ಮೊದಲೇ ಪತ್ತೆ ಹಚ್ಚೋಣ. ಜನ ಬರೆಯುವ ಪೋಸ್ಟ್ ಓದೋಣ, ನಿದ್ದೆಯ ಲೆಕ್ಕ ಇಡೋಣ, ದನಿಯಲ್ಲಿ ಬದಲಾವಣೆ ಹುಡುಕೋಣ, ಅಪಾಯ ಕಂಡರೆ ಅಲಾರಂ ಹೊಡೆಯೋಣ. ಅನುದಾನದ ಅರ್ಜಿಗಳಲ್ಲೂ ಇದನ್ನೇ ಬರೆದರೆ ಬೇಗ ಅರ್ಥವಾಗುತ್ತದೆ. ನನ್ನ ಗೈಡ್ ಕೂಡ ಮೊದಲ ಭೇಟಿಯಲ್ಲೇ, ‘ಎಲ್ಲರೂ ನಿನಗೆ ಪತ್ತೆ ಹಚ್ಚೋದನ್ನೇ ಮಾಡು ಅಂತಾರೆ, ಯಾಕೆ ಮಾಡಲ್ಲ ಅಂತ ಹೇಳೋದಕ್ಕೆ ಲೆಕ್ಕ ಕಲಿತಿರು’ ಅಂದಿದ್ದರು. ಹಾಗಾಗಿ ಲೆಕ್ಕ ಕಲಿತೆ.

ಲೆಕ್ಕ ಸುಲಭ. 2022ರಲ್ಲಿ ದೇಶದ ಸರಾಸರಿ ಲಕ್ಷಕ್ಕೆ 12.4. ಒಂದು ಲಕ್ಷ ಜನರ ಮೇಲೆ ಒಂದು ಮಾಡೆಲ್ ಓಡಿಸಿದಿರಿ ಅಂದುಕೊಳ್ಳಿ. ಅಪಾಯವಿಲ್ಲದವರನ್ನು ನೂರಕ್ಕೆ 99 ಸಲ ಸರಿಯಾಗಿ ಬಿಟ್ಟುಬಿಡುವಷ್ಟು ಜಾಣ ಮಾಡೆಲ್ ಅದು. ಆದರೂ ಸುಮಾರು ಸಾವಿರ ಜನರ ಮೇಲೆ ಸುಳ್ಳು ಅಲಾರಂ ಹೊಡೆಯುತ್ತದೆ. ನಿಜವಾಗಿ ಹುಡುಕಬೇಕಾದವರು ಆ ವರ್ಷಕ್ಕೆ ಹನ್ನೆರಡು ಜನ. ಈ ಸಾವಿರ ಜನರ ಮನೆಗೆ ಯಾರು ಹೋಗುತ್ತಾರೆ? ಹೋಗಿ ಏನಂತ ಹೇಳುತ್ತಾರೆ? ಅಂಥ ಜಾಣ ಮಾಡೆಲ್ ಇದೆಯಾ ಅನ್ನುವುದು ಬೇರೆ ಮಾತು. 2017ರಲ್ಲಿ ಐವತ್ತು ವರ್ಷಗಳ 365 ಅಧ್ಯಯನಗಳನ್ನು ಒಟ್ಟಿಗಿಟ್ಟು ಪರಿಶೀಲಿಸಿದವರು, ಅಪಾಯದ ಲಕ್ಷಣ ಅಂತ ನಾವು ನಂಬಿಕೊಂಡವು ಸುಮ್ನೆ ಊಹೆ ಮಾಡಿದ್ದಕ್ಕಿಂತ ಸ್ವಲ್ಪವೇ ವಾಸಿ ಅಂತ ಕಂಡುಕೊಂಡರು. ಅದಾದ ಮೇಲೆ ಯಂತ್ರಕಲಿಕೆ (ಮಷಿನ್ ಲರ್ನಿಂಗ್) ಮುಂದೆ ಹೋಗಿದೆ, ಒಪ್ಪುತ್ತೇನೆ. ಲಕ್ಷಕ್ಕೆ ಹನ್ನೆರಡು ಅನ್ನುವ ಲೆಕ್ಕ ಮಾತ್ರ ಹಾಗೇ ಇದೆ.

ಬ್ರಿಟನ್ನಿನ ಸಮಾರಿಟನ್ಸ್ ಸಂಸ್ಥೆಯ ಪ್ರಸಂಗವನ್ನು ಈ ಕ್ಷೇತ್ರಕ್ಕೆ ಬರುವವರೆಲ್ಲ ಓದಲೇಬೇಕು. ದಶಕಗಳ ಕಾಲ ಫೋನಿನಲ್ಲಿ ಜನರ ನೋವು ಕೇಳಿಸಿಕೊಂಡ, ಒಳ್ಳೆಯ ಹೆಸರಿರುವ ಸಂಸ್ಥೆ. 2014ರ ಅಕ್ಟೋಬರ್ ಕೊನೆಗೆ ‘ರೇಡಾರ್’ ಅನ್ನುವ ಆ್ಯಪ್ ಬಿಟ್ಟರು. ನೀವು ಟ್ವಿಟರ್‌ನಲ್ಲಿ ಫಾಲೋ ಮಾಡುವವರು ಹತಾಶೆಯ ಮಾತು ಬರೆದರೆ ನಿಮಗೆ ಈಮೇಲ್ ಬರುತ್ತಿತ್ತು. ಬರೆದವರಿಗೆ ತಮ್ಮ ಮಾತನ್ನು ಯಾರೋ ಜರಡಿ ಹಿಡಿಯುತ್ತಿದ್ದಾರೆ ಅನ್ನುವುದೇ ಗೊತ್ತಾಗುತ್ತಿರಲಿಲ್ಲ. ಫಾಲೋ ಮಾಡುವವರಲ್ಲಿ ಸ್ನೇಹಿತರೂ ಇರುತ್ತಾರೆ, ಕಾಟ ಕೊಡುವವರೂ ಇರುತ್ತಾರೆ. ‘ಈಗ ಇವರು ಕುಗ್ಗಿದ್ದಾರೆ’ ಅಂತ ಆ ಎರಡನೆಯವರಿಗೂ ಹೇಳಿದ ಹಾಗಾಯಿತಲ್ಲ? ಮಾನಸಿಕ ಕಾಯಿಲೆ ಅನುಭವಿಸಿದವರೇ ಮುಂದೆ ನಿಂತು ವಿರೋಧಿಸಿದರು. ನವೆಂಬರ್ 7ಕ್ಕೆ ಆ್ಯಪ್ ನಿಲ್ಲಿಸಿದರು. ಅಲ್ಲಿ ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ. ಅದಕ್ಕೇ ಅದು ಒಳ್ಳೆಯ ಪಾಠ.

ಇನ್ನು ನಾನು ಹಿಡಿದುಕೊಂಡ ಹಾಳೆಯ ವಿಷಯ. ಅದಕ್ಕೆ ಸೇಫ್ಟಿ ಪ್ಲಾನ್ ಅನ್ನುತ್ತಾರೆ. ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು ರೂಪಿಸಿದ್ದು. ಅದರಲ್ಲಿ ಆರು ಭಾಗ. ಮನಸ್ಸು ಹದಗೆಡುತ್ತಿದೆ ಅಂತ ನನಗೆ ಗೊತ್ತಾಗುವುದು ಹೇಗೆ? ಆಗ ನಾನೊಬ್ಬನೇ ಏನು ಮಾಡಿಕೊಳ್ಳಬಹುದು? ಯಾರ ಜೊತೆ, ಯಾವ ಜಾಗದಲ್ಲಿ ಇದ್ದರೆ ಗಮನ ಬೇರೆ ಕಡೆ ಹೋಗುತ್ತದೆ? ಯಾರ ಹತ್ತಿರ ಬಾಯಿಬಿಟ್ಟು ನೆರವು ಕೇಳಬಹುದು? ಯಾವ ಡಾಕ್ಟರು, ಯಾವ ಸಹಾಯವಾಣಿ? ಕೊನೆಯದಾಗಿ, ಮನೆಯಲ್ಲಿ ಅಪಾಯ ತರುವಂಥದ್ದನ್ನು ಕೈಗೆಟುಕದ ಹಾಗೆ ಮಾಡುವುದು ಹೇಗೆ? ರೋಗಿ ಮತ್ತು ಆಪ್ತಸಮಾಲೋಚಕರು ಜೊತೆಗೆ ಕೂತು, ರೋಗಿಯ ಮಾತಿನಲ್ಲೇ ತುಂಬುತ್ತಾರೆ. ಕಷ್ಟದ ಹೊತ್ತು ಬರುತ್ತದೆ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ, ಆ ನಡುವಿನ ಸಮಯ ದಾಟಿಸಬೇಕು ಅನ್ನುವುದು ಇದರ ಹಿಂದಿನ ತಿಳಿವಳಿಕೆ.

2018ರಲ್ಲಿ ಇದರ ಬಗ್ಗೆ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಿಂದ ದೊಡ್ಡ ಅಧ್ಯಯನ ಬಂತು. ತುರ್ತು ಚಿಕಿತ್ಸೆಗೆ ಬಂದ 1,640 ಜನರನ್ನು ಆರು ತಿಂಗಳು ನೋಡಿದರು. ಈ ಹಾಳೆ ಮತ್ತು ಆಮೇಲಿನ ಫೋನ್ ಕರೆಗಳು ಸಿಕ್ಕವರಲ್ಲಿ ಆತ್ಮಹತ್ಯಾ ವರ್ತನೆ ಸುಮಾರು ಶೇ 45ರಷ್ಟು ಕಡಿಮೆ ಇತ್ತು. ಈ ವಾಕ್ಯದಲ್ಲಿ ‘ಆಮೇಲಿನ ಫೋನ್ ಕರೆಗಳು’ ಅನ್ನುವುದನ್ನು ಬಹಳ ಜನ ಹಾರಿಸಿ ಓದುತ್ತಾರೆ. ಹಾಳೆಯನ್ನು ಆ್ಯಪ್ ಮಾಡುವುದು ಸುಲಭ. ವಾರ ಬಿಟ್ಟು ಕರೆ ಮಾಡಿ ‘ಹೇಗಿದ್ದೀರಿ, ಆ ಹಾಳೆ ಎಲ್ಲಿಟ್ಟಿದ್ದೀರಿ’ ಅಂತ ಕೇಳುವ ಮನುಷ್ಯರನ್ನು ಆ್ಯಪ್ ಮಾಡಲಾಗದು.

ಪ್ರಸ್ತಾವ ಬರೆದಾಯಿತು. ಮುಂದಿನದು ಎಥಿಕ್ಸ್ ಕಮಿಟಿ, ಅಂದರೆ ಮನುಷ್ಯರ ಮೇಲಿನ ಸಂಶೋಧನೆಯನ್ನು ಪರಿಶೀಲಿಸಿ ಅನುಮತಿ ಕೊಡುವ ಸಮಿತಿ. ನಮ್ಮ ಸಂಸ್ಥೆಯದ್ದು ಒಂದು, ಜೊತೆಗೂಡಿದ ಆಸ್ಪತ್ರೆಯದ್ದು ಇನ್ನೊಂದು. ಎರಡು ಕಡೆಯ ಅರ್ಜಿ ನಮೂನೆ ಬೇರೆ ಬೇರೆ. ಒಂದು ಕಡೆ ಒಪ್ಪಿಗೆ ಪತ್ರದ ಪ್ರತಿ ಪುಟಕ್ಕೂ ಆವೃತ್ತಿ ಸಂಖ್ಯೆ, ದಿನಾಂಕ ಬೇಕು. ಇನ್ನೊಂದು ಕಡೆ ಕನ್ನಡ ಪತ್ರವನ್ನು ಮತ್ತೊಬ್ಬರಿಂದ ಇಂಗ್ಲಿಷಿಗೆ ತಿರುಗಿಸಿ, ಎರಡನ್ನೂ ಹೋಲಿಸಿ, ತಾಳೆಯಾಗಿದೆ ಅಂತ ಸಹಿ ಹಾಕಿಸಬೇಕು. ಕಂಪ್ಯೂಟರ್ ವಿಭಾಗದ ಸ್ನೇಹಿತರು ಈ ಹೊತ್ತಿಗೆ ಎರಡನೇ ಪೇಪರ್ ಕಳಿಸಿರುತ್ತಾರೆ, ನೀವಿನ್ನೂ ಪುಟಕ್ಕೆ ಸಂಖ್ಯೆ ಹಾಕುತ್ತಿರುತ್ತೀರಿ. ಹೊಟ್ಟೆಕಿಚ್ಚು ಪಟ್ಟುಕೊಳ್ಳಬೇಡಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಆಸ್ಪತ್ರೆಯ ಕಮಿಟಿಯಲ್ಲಿ ಡಾಕ್ಟರುಗಳ ಜೊತೆ ಕಾನೂನು ಬಲ್ಲವರು, ಸಮಾಜ ವಿಜ್ಞಾನದವರು ಇರಬೇಕು. ವೈದ್ಯರೂ ಅಲ್ಲದ, ವಿಜ್ಞಾನಿಯೂ ಅಲ್ಲದ ಸಾಮಾನ್ಯ ಸದಸ್ಯರೊಬ್ಬರೂ ಇರಬೇಕು. ಮಂಡನೆಗೆ ಕರೆದಾಗ ಮೊದಲ ಪ್ರಶ್ನೆ ಡಾಕ್ಟರೊಬ್ಬರದು. ಆತ್ಮಹತ್ಯೆಯ ಬಗ್ಗೆ ಕೇಳುವುದರಿಂದಲೇ ಆ ಆಲೋಚನೆ ಬಂದುಬಿಟ್ಟರೆ? ಎಲ್ಲರಿಗೂ ಇರುವ ಭಯ ಇದು, ತಂದೆತಾಯಿಗಳಿಗೂ ಮೇಷ್ಟ್ರುಗಳಿಗೂ. ಉತ್ತರ ನಮ್ಮ ಹತ್ತಿರ ಇತ್ತು. 2005ರಲ್ಲಿ ಅಮೆರಿಕದ ಹೈಸ್ಕೂಲುಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಈ ಪ್ರಶ್ನೆ ಕೇಳಿ ನೋಡಿದ್ದರು. ಕೇಳಿಸಿಕೊಂಡ ಮಕ್ಕಳಲ್ಲಿ ತಳಮಳ ಹೆಚ್ಚಾಗಲಿಲ್ಲ. ಮೊದಲೇ ಖಿನ್ನತೆ ಇದ್ದ ಮಕ್ಕಳಿಗಂತೂ ಕೇಳಿದ್ದರಿಂದ ಸ್ವಲ್ಪ ಹಗುರವಾದಂತೆ ಕಂಡಿತು. ನೇರವಾಗಿ, ಸಾವಧಾನವಾಗಿ ಕೇಳುವುದರಿಂದ ಹಾನಿಯಿಲ್ಲ ಅಂತ ಆಮೇಲಿನ ಅಧ್ಯಯನಗಳೂ ಹೇಳಿವೆ. ಮನೆಯಲ್ಲಿ ಯಾರ ಬಗ್ಗೆಯಾದರೂ ನಿಮಗೆ ಅನುಮಾನ ಇದ್ದರೆ ಕೇಳಿ. ಸುತ್ತಿ ಬಳಸಿ ಬೇಡ, ನೇರವಾಗಿಯೇ ಕೇಳಿ.

ಎರಡನೇ ಪ್ರಶ್ನೆ ಸಾಮಾನ್ಯ ಸದಸ್ಯರದು. ನಿವೃತ್ತ ಶಿಕ್ಷಕರು. ಅಲ್ಲಿಯವರೆಗೆ ಸುಮ್ಮನೆ ಹಾಳೆ ತಿರುವುತ್ತಿದ್ದರು. ನಮ್ಮ ಕರಡಿನಲ್ಲಿ ಇಂಥ ಆ್ಯಪ್‌ಗಳಲ್ಲೆಲ್ಲ ಇರುವ ಒಂದು ಪರದೆ ಇತ್ತು. ದಿನಾ ರಾತ್ರಿ ‘ಇವತ್ತು ಹೇಗಿದ್ದೀರಿ’ ಅಂತ ಕೇಳಿ ಅಂಕ ಕೊಡಿಸುವುದು, ವಾರಕ್ಕೊಮ್ಮೆ ಪಿಎಚ್‌ಕ್ಯೂ-9 ಪ್ರಶ್ನಾವಳಿ ಕೊಡುವುದು. ಖಿನ್ನತೆ ಅಳೆಯಲು ಎಲ್ಲ ಕಡೆ ಬಳಸುವ ಒಂಬತ್ತು ಪ್ರಶ್ನೆಗಳು ಅವು. ಒಂಬತ್ತನೆಯದು ಸಾವಿನ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಆಲೋಚನೆಯ ಬಗ್ಗೆ.

‘ನೋಡಮ್ಮ, ಒಬ್ರು ರಾತ್ರಿ ಹನ್ನೆರಡಕ್ಕೆ ಇದಕ್ಕೆ ಹೌದು ಅಂತ ಒತ್ತಿದ್ರು ಅಂದ್ಕೊ. ಅದನ್ನ ಆಗ ಯಾರು ನೋಡ್ತಾರೆ?’

ಸರ್ವರ್‌ಗೆ ಬರುತ್ತದೆ, ಬೆಳಿಗ್ಗೆ ತಂಡದವರು ನೋಡುತ್ತಾರೆ, ಅಂದೆ.

‘ಬೆಳಿಗ್ಗೆ ನೋಡೋದಾದ್ರೆ ರಾತ್ರಿ ಯಾಕೆ ಕೇಳ್ತೀಯ? ಕೇಳಿದ್ಮೇಲೆ ಯಾರೋ ಬರ್ತಾರೆ ಅಂತ ಅವರು ಕಾಯಲ್ವಾ?’

ಸಭೆಯಲ್ಲಿ ನಾಲ್ಕಾರು ಡಾಕ್ಟರು, ವಕೀಲರು, ನಾವು ಇಬ್ಬರು ಸಂಶೋಧಕರು. ಯಾರ ಹತ್ತಿರವೂ ಚೆನ್ನಾದ ಉತ್ತರ ಇರಲಿಲ್ಲ. ಇಪ್ಪತ್ತನಾಲ್ಕು ಗಂಟೆ ನೋಡುವವರನ್ನು ಇಡಲು ಒಂದು ಪಿಎಚ್‌ಡಿಯ ಹಣ ಸಾಲದು. ಇಟ್ಟರೂ ಅಧ್ಯಯನ ಮುಗಿದ ಮಾರನೇ ದಿನ ಅವರು ಇರುವುದಿಲ್ಲ. ಹೊರಗೆ ಬಂದು ಕ್ಯಾಂಟೀನಿನಲ್ಲಿ ಕೂತಾಗ ಗೈಡ್ ಒಂದು ನಿಯಮ ಹಾಕಿದರು. ಓದುವವರು ಇಲ್ಲದ ಹೊತ್ತಿನಲ್ಲಿ ಆ್ಯಪ್ ಏನನ್ನೂ ಕೇಳಬಾರದು. ಈ ಒಂದು ವಾಕ್ಯಕ್ಕೆ ನಮ್ಮ ಅರ್ಧ ಪರದೆಗಳು ಹೋದವು. ಅಂಕ ಹೋಯಿತು, ಗ್ರಾಫ್ ಹೋಯಿತು, ‘ಏಳು ದಿನ ಸತತ ಬಳಸಿದ್ದೀರಿ, ಭೇಷ್’ ಅನ್ನುವ ಬಿಲ್ಲೆ ಹೋಯಿತು. ಬಿಲ್ಲೆ ಹೋಗಿದ್ದಕ್ಕೆ ನನಗೆ ಯಾವತ್ತೂ ಬೇಜಾರಾಗಿಲ್ಲ.

ಎಥಿಕ್ಸ್ ಅನುಮತಿ ಅಂದರೆ ನಿಜವಾದ ಕೆಲಸಕ್ಕೆ ಮುಂಚೆ ದಾಟಬೇಕಾದ ಟೋಲ್ ಗೇಟ್ ಅಂತ ಬಹಳ ಜನ ತಿಳಿದಿದ್ದಾರೆ. ನಮ್ಮ ವಿಷಯದಲ್ಲಿ ಡಿಸೈನ್ ನಡೆದದ್ದೇ ಅಲ್ಲಿ. ನಾನು ಆಮೇಲೆ ಬಳಕೆದಾರರ ಜೊತೆ ಮಾಡಿದ ಯಾವ ಕಾರ್ಯಾಗಾರವೂ ಅಷ್ಟು ಪರದೆಗಳನ್ನು ತೆಗೆಸಲಿಲ್ಲ.

ವಕೀಲರ ಪ್ರಶ್ನೆ ಪೊಲೀಸರ ಬಗ್ಗೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 115ನೇ ಕಲಂ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು, ಬೇರೆ ಥರ ಸಾಬೀತಾಗದ ಹೊರತು, ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. ಸರ್ಕಾರ ಅವರಿಗೆ ಆರೈಕೆ ಕೊಡಬೇಕು. ಯತ್ನವನ್ನು ಅಪರಾಧ ಅನ್ನುತ್ತಿದ್ದ ಹಳೇ ದಂಡಸಂಹಿತೆಯ 309ನೇ ಕಲಂ 2024ರ ಜುಲೈ 1ರಂದು ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಸರ್ಕಾರಿ ನೌಕರರ ಮೇಲೆ ಒತ್ತಡ ಹಾಕಲು ಆತ್ಮಹತ್ಯೆಗೆ ಯತ್ನಿಸಿದರೆ ಮಾತ್ರ ಬೇರೆ ಕಲಂ ಇದೆ. ಕಾನೂನು ಹೀಗಿದ್ದರೂ ಜನರ ಭಯ ಹೋಗಿಲ್ಲ. ಆಸ್ಪತ್ರೆಯಲ್ಲಿ ಎಂಎಲ್‌ಸಿ (ಮೆಡಿಕೊ ಲೀಗಲ್ ಕೇಸ್, ಪೊಲೀಸರಿಗೆ ತಿಳಿಸುವ ಪ್ರಕರಣ) ಅಂತ ಬರೆದ ಕೂಡಲೇ ಕೇಸಾಯಿತು ಅಂತ ಮನೆಯವರು ಹೆದರುತ್ತಾರೆ. ಆ ಭಯಕ್ಕೆ ವಿಳಾಸ ತಪ್ಪು ಕೊಡುತ್ತಾರೆ, ಫೋನ್ ನಂಬರ್ ತಪ್ಪು ಕೊಡುತ್ತಾರೆ. ಇದು ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಅಧ್ಯಯನದ ಮಾತುಕತೆಗೆ, ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರನ್ನು ನಾವು ಹುಡುಕಿಕೊಂಡು ಹೋಗುವಂತಿರಲಿಲ್ಲ. ಚಿಕಿತ್ಸೆ ಕೊಡುವ ಡಾಕ್ಟರು ಕೇಳಬೇಕು, ಅವರು ಒಪ್ಪಿದರೆ ಮಾತ್ರ ನಾವು. ಯತ್ನ ಆಗಿ ಆರು ತಿಂಗಳಾದರೂ ಕಳೆದಿರಬೇಕು, ಚಿಕಿತ್ಸೆ ನಡೆಯುತ್ತಿರಬೇಕು. ಪಕ್ಕದ ಕೋಣೆಯಲ್ಲಿ ಒಬ್ಬರು ಕ್ಲಿನಿಕಲ್ ಸೈಕಾಲಜಿಸ್ಟ್ ಇರಬೇಕು. ಯಾವ ಮಾತು ಬಂದರೆ ಸಂದರ್ಶನ ನಿಲ್ಲಿಸಬೇಕು, ನಿಲ್ಲಿಸಿ ಏನು ಹೇಳಬೇಕು, ಆ ದಿನ ಮನೆಗೆ ಜೊತೆಗೆ ಯಾರು ಹೋಗುತ್ತಾರೆ, ಮಾರನೇ ದಿನ ಕರೆ ಯಾರು ಮಾಡುತ್ತಾರೆ, ಎಲ್ಲ ಬರೆದಿಟ್ಟುಕೊಂಡಿದ್ದೆವು. ಇದಕ್ಕೆ ಡಿಸ್ಟ್ರೆಸ್ ಪ್ರೋಟೊಕಾಲ್ ಅನ್ನುತ್ತಾರೆ. ಇದನ್ನು ಬಾಯಿಪಾಠ ಮಾಡಿ, ಸ್ನೇಹಿತರ ಜೊತೆ ನಟಿಸಿ ಅಭ್ಯಾಸ ಮಾಡಬೇಕು. ಎದುರಿಗೆ ಒಬ್ಬರು ಅಳುತ್ತಿರುವಾಗ ಹಾಳೆ ತೆಗೆದು ಓದಲಾಗುವುದಿಲ್ಲ.

ಸಂಶೋಧಕರ ಮನಸ್ಸಿನ ಬಗ್ಗೆಯೂ ಹೇಳಬೇಕು, ಯಾಕಂದರೆ ನಮ್ಮ ಕಡೆ ಇದನ್ನು ಯಾರೂ ಅರ್ಜಿಯಲ್ಲಿ ಬರೆಯುವುದಿಲ್ಲ. ದಿನಕ್ಕೆ ಒಂದೇ ಸಂದರ್ಶನ ಅನ್ನುವುದು ನಮ್ಮ ನಿಯಮ. ಧ್ವನಿ ಕೇಳಿ ಬರೆದುಕೊಳ್ಳುವ ಕೆಲಸ ಹಗಲಲ್ಲೇ, ಲ್ಯಾಬಿನಲ್ಲೇ. ಹಾಸ್ಟೆಲಿಗೆ ಒಯ್ಯುವಂತಿಲ್ಲ. ಅಧ್ಯಯನಕ್ಕೆ ಸಂಬಂಧವಿಲ್ಲದ ಆಪ್ತಸಮಾಲೋಚಕರೊಬ್ಬರ ಹತ್ತಿರ ನಿಯಮಿತವಾಗಿ ಹೋಗಿ ಮಾತಾಡಬೇಕು. ಅವರ ಶುಲ್ಕವನ್ನು ಗೈಡ್ ಯೋಜನೆಯ ಬಜೆಟ್ಟಿನಲ್ಲೇ ಸೇರಿಸಿದ್ದರು. ಲೆಕ್ಕಪತ್ರ ನೋಡುವವರು ‘ಇದು ಯಾವ ಉಪಕರಣ?’ ಅಂತ ಕೇಳಿದ್ದು ಬೇರೆ ಕಥೆ. ಈ ಕ್ಷೇತ್ರಕ್ಕೆ ಬರುವವರು ಕಂಪ್ಯೂಟರ್ ಕೇಳುವ ಮುಂಚೆ ಈ ಬಾಬತ್ತಿಗೆ ದುಡ್ಡು ಕೇಳಿ.

ಬರೆದುಕೊಳ್ಳಲು ಯಂತ್ರದ ಸಹಾಯ ಯಾಕೆ ತೆಗೆದುಕೊಳ್ಳಲಿಲ್ಲ ಅಂತ ಕೇಳುತ್ತಾರೆ. ಧ್ವನಿಯನ್ನು ಹೊರಗಿನ ಸರ್ವರ್‌ಗೆ ಕಳಿಸಲು ಒಪ್ಪಿಗೆ ಪಡೆದಿರಲಿಲ್ಲ, ಪಡೆಯುವ ಮನಸ್ಸೂ ಇರಲಿಲ್ಲ. ಜೊತೆಗೆ ಕಲಬುರಗಿ ಕಡೆಯ ಮಾತು, ಹಾಸನದ ಮಾತು, ನಡುವೆ ಉರ್ದು, ತೆಲುಗು, ಆಮೇಲೆ ಉದ್ದದ ಮೌನ. ಮೌನ ಎಷ್ಟು ಹೊತ್ತಿತ್ತು ಅನ್ನುವುದೂ ನಮಗೆ ಬೇಕಿತ್ತು.

ಈಗ ಫೋನಿಗೆ ಬರೋಣ. ಇಲ್ಲಿ ಹೇಳಲು ಜಾಸ್ತಿ ಇದೆ.

ಅಮೆರಿಕದಲ್ಲಿ ರೂಪಿಸಿದ ಈ ಹಾಳೆಯ ಹಿಂದೆ ಒಂದು ಊಹೆ ಇದೆ. ಇದು ನನ್ನದು, ಬೇರೆಯವರು ನೋಡುವುದಿಲ್ಲ ಅನ್ನುವ ಊಹೆ. ನಮ್ಮಲ್ಲಿ ಫೋನ್ ಮನೆಯದ್ದು. ಗಂಡ ನೋಡುತ್ತಾನೆ, ಮಗಳು ವಿಡಿಯೊ ನೋಡುತ್ತಾಳೆ, ಪಕ್ಕದ ಮನೆಯವರು ಒಂದು ಕರೆ ಮಾಡಿ ಕೊಡ್ತೀನಿ ಅಂತ ಇಸಿದುಕೊಳ್ಳುತ್ತಾರೆ. 2018ರಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶದ ಮಹಿಳೆಯರ ಬಗ್ಗೆ ಬಂದ ಒಂದು ಅಧ್ಯಯನ ಇದನ್ನು ಚೆನ್ನಾಗಿ ದಾಖಲಿಸಿದೆ. ಹೆಂಗಸರು ಫೋನ್ ಕೊಡುವುದಿಲ್ಲ ಅನ್ನುವುದಿಲ್ಲ. ಕೊಡುತ್ತಾರೆ, ಕೊಡುವ ಮುಂಚೆ ಬೇಕಾದ್ದನ್ನು ಅಳಿಸುತ್ತಾರೆ, ಕೆಲವು ಆ್ಯಪ್‌ಗಳಿಗೆ ಮಾತ್ರ ಬೀಗ ಹಾಕುತ್ತಾರೆ. ನಮಗೂ ಕಂಡದ್ದು ಅದೇ. ಬೀಗ ಹಾಕಿದರೆ ‘ಇದರಲ್ಲಿ ಏನಿದೆ?’ ಅನ್ನುವ ಪ್ರಶ್ನೆ ಬರುತ್ತದೆ ಅನ್ನುವುದೂ ಕಂಡಿತು.

ಹಾಗಾಗಿ ಆ್ಯಪ್ ಹೆಸರಿನಲ್ಲಿ ಮನಸ್ಸು, ಆರೋಗ್ಯ, ನೆರವು ಇಂಥ ಪದ ಯಾವುದೂ ಬೇಡ ಅಂತಾಯಿತು. ನೋಟಿಫಿಕೇಷನ್ ಇಲ್ಲ. ಬೀಗವೂ ಇಲ್ಲ. ತೆರೆದರೆ ಸಾಮಾನ್ಯ ಟಿಪ್ಪಣಿ ಪುಸ್ತಕದ ಹಾಗೆ ಕಾಣಬೇಕು, ಒಂದು ಪುಟ ಮಾತ್ರ ಬೇರೆ. ಇಂಟರ್ನೆಟ್ ಬೇಡ, ಏನೂ ಫೋನಿನಿಂದ ಹೊರಗೆ ಹೋಗುವುದಿಲ್ಲ. ಕನ್ನಡದಲ್ಲಿ ಟೈಪ್ ಮಾಡುವುದು ಅನೇಕರಿಗೆ ಕಷ್ಟ, ಕಷ್ಟದ ಹೊತ್ತಿನಲ್ಲಂತೂ ಯಾರೂ ಟೈಪ್ ಮಾಡುವುದಿಲ್ಲ. ಅದಕ್ಕೆ ಸಮಾಲೋಚಕರ ಮುಂದೆ ಕೂತಾಗಲೇ ತಮ್ಮ ದನಿಯಲ್ಲಿ ತಾವೇ ಹೇಳಿ ರೆಕಾರ್ಡ್ ಮಾಡಿಟ್ಟುಕೊಳ್ಳುವ ವ್ಯವಸ್ಥೆ ಮಾಡಿದೆವು. ತಮ್ಮದೇ ದನಿ ಕೇಳುವುದು ಕೆಲವರಿಗೆ ಹಿಡಿಸಿತು. ಕೆಲವರಿಗೆ ಸ್ವಲ್ಪವೂ ಹಿಡಿಸಲಿಲ್ಲ, ಅವರಿಗೆ ಅಕ್ಷರವೇ ಬೇಕು ಅಂದರು. ಎರಡೂ ಇಟ್ಟೆವು.

ಹಾಳೆಯ ಮೂರನೇ ಭಾಗದಲ್ಲಿ, ಗಮನ ಬೇರೆ ಕಡೆ ಹೋಗುವ ಜಾಗದ ಹೆಸರು ಬರೆಯಬೇಕು. ಗಂಡಸರು ಅರಳಿಕಟ್ಟೆ, ಟೀ ಅಂಗಡಿ, ಗರಡಿ ಅಂತ ಬೇಗ ಹೇಳುತ್ತಿದ್ದರು. ಹೆಂಗಸರಿಗೆ ಆ ಸಾಲು ಖಾಲಿ ಉಳಿಯುತ್ತಿತ್ತು. ಕಾರಣ ಹೇಳದೆ ಮನೆಯಿಂದ ಹೊರಗೆ ಹೋಗಿ ಕೂರಬಹುದಾದ ಜಾಗ ನಮ್ಮ ಊರುಗಳಲ್ಲಿ ಹೆಂಗಸರಿಗೆ ಎಷ್ಟಿದೆ ಹೇಳಿ? ದೇವಸ್ಥಾನ, ಟೈಲರಿಂಗ್ ಕಲಿಸುವ ಅಂಗಡಿ, ಸ್ವಸಹಾಯ ಸಂಘದ ಸಭೆ. ಅದೂ ಹೊತ್ತು ನೋಡಿ. ಇದಕ್ಕೆ ಬಟನ್ ಎಲ್ಲಿಟ್ಟರೂ ಪರಿಹಾರ ಇಲ್ಲ. ಪ್ರಬಂಧದಲ್ಲಿ ಇದಕ್ಕೆ ಎರಡು ಪುಟ ಕೊಟ್ಟೆ. ಇದು ಎಚ್‌ಸಿಐ ಹೇಗಾಗುತ್ತದೆ ಅಂತ ಒಬ್ಬ ವಿಮರ್ಶಕರು ಕೇಳಿದರು. ಆ ಸಾಲು ಖಾಲಿ ಇದ್ದರೆ ಆ್ಯಪ್ ಏನು ತೋರಿಸಬೇಕು ಅನ್ನುವುದು ಎಚ್‌ಸಿಐ ಅಲ್ಲದಿದ್ದರೆ ಇನ್ನೇನು?

ನಾಲ್ಕನೇ ಭಾಗದಲ್ಲೂ ಇದೇ ತೊಡಕು. ನೆರವು ಕೇಳಬಹುದಾದ ಮನೆಯವರ ಹೆಸರು ಬರೆಯಬೇಕು. ಅಪರಾಧ ದಾಖಲೆಗಳ ಬ್ಯೂರೋದ 2022ರ ವರದಿಯಲ್ಲಿ ಕಾರಣಗಳ ಪಟ್ಟಿಯ ಮೇಲ್ತುದಿಯಲ್ಲಿ ಇರುವುದು ಕೌಟುಂಬಿಕ ಸಮಸ್ಯೆ, ಶೇ 31.7. ಪೊಲೀಸರು ಒಂದೇ ಕಾರಣ ಅಂತ ಗುರುತು ಹಾಕಿದರೂ ಆತ್ಮಹತ್ಯೆಗೆ ಒಂದೇ ಕಾರಣ ಇರುವುದಿಲ್ಲ, ಅದು ಬೇರೆ. ಜಗಳ ಮನೆಯೊಳಗೇ ಇರುವಾಗ ಮನೆಯವರ ಹೆಸರನ್ನು ಕಡ್ಡಾಯ ಮಾಡಲಾಗದು. ಆ ಸಾಲನ್ನು ಹಾರಿಸಿ ಹೋಗಬಹುದು, ಹಾರಿಸಿದರೆ ಆ್ಯಪ್ ನೆನಪಿಸಿ ಪೀಡಿಸುವುದಿಲ್ಲ ಅಂತ ಮಾಡಿದೆವು.

ಐದನೇ ಭಾಗಕ್ಕೆ ನಮಗೆ ಒಂದು ಒಳ್ಳೆಯ ನಂಬರ್ ಇತ್ತು. ಟೆಲಿ ಮಾನಸ್, 14416. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರು ಮಾಡಿದ ಸಹಾಯವಾಣಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಇದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್, ತಾಂತ್ರಿಕ ಬೆಂಬಲ ಬೆಂಗಳೂರಿನದೇ ಐಐಐಟಿಯದು. ಇದನ್ನು ಓದುತ್ತಿರುವ ನಿಮಗೇ ಮನಸ್ಸು ಭಾರವಾಗಿದ್ದರೆ ಈ ನಂಬರ್‌ಗೆ ಕರೆ ಮಾಡಿ, ಅದಕ್ಕೆ ಕಾಯಿಲೆಯ ಹೆಸರು ಗೊತ್ತಿರಬೇಕಿಲ್ಲ. ಆ್ಯಪ್‌ನಲ್ಲಿ ಇದನ್ನು ಎಲ್ಲಿಡಬೇಕು ಅನ್ನುವುದರಲ್ಲಿ ಚರ್ಚೆ ಇರಲಿಲ್ಲ. ಎಲ್ಲ ಪುಟದ ಮೇಲ್ಭಾಗದಲ್ಲಿ. ಚರ್ಚೆ ಆದದ್ದು ಕಾಲ್ ಲಾಗ್ ಬಗ್ಗೆ. ಕರೆ ಮಾಡಿದ ನಂಬರ್ ಫೋನಿನಲ್ಲಿ ಉಳಿಯುತ್ತದೆ, ಮನೆಯವರು ನೋಡುತ್ತಾರೆ. ನಾವು ಅದನ್ನು ಆ್ಯಪ್ ಮೂಲಕ ಅಳಿಸಲು ಹೋಗಲಿಲ್ಲ. ಕರೆ ಮುಗಿದ ಮೇಲೆ ‘ಈ ಕರೆ ಫೋನಿನ ಪಟ್ಟಿಯಲ್ಲಿ ಕಾಣುತ್ತದೆ’ ಅಂತ ಒಂದು ಸಾಲು ತೋರಿಸಿದೆವು, ಅಷ್ಟೇ. ಅಳಿಸುವುದು ಬಿಡುವುದು ಅವರಿಗೆ ಬಿಟ್ಟದ್ದು.

ಕರೆ ತೆಗೆದುಕೊಳ್ಳುವವರ ಜೊತೆಯೂ ಮಾತಾಡಿದೆ. 2020ರಲ್ಲಿ ನಮ್ಮ ಎಚ್‌ಸಿಐ ಕ್ಷೇತ್ರದ ಸಿಎಚ್‌ಐ ಸಮ್ಮೇಳನದಲ್ಲಿ ಭಾರತದ ಸಹಾಯವಾಣಿಗಳ ಬಗ್ಗೆ ಒಂದು ಪ್ರಬಂಧ ಬಂದಿತ್ತು. ಅದರ ಲೇಖಕರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನವರೂ ಇದ್ದರು. ತಂತ್ರಜ್ಞಾನದ ಹೆಸರಿನಲ್ಲಿ ನಡೆಯುವ ಸೇವೆಯ ಕುಲುಕಾಟವನ್ನೆಲ್ಲ ಕೊನೆಗೆ ತಡೆದುಕೊಳ್ಳುವವರು ಅದರೊಳಗಿನ ಮನುಷ್ಯರು ಅನ್ನುವುದು ಅದರ ತಿರುಳು. ಅದನ್ನು ಓದಿ ಹೋಗಿದ್ದರಿಂದ ನಾನು ಸಾಫ್ಟ್‌ವೇರ್ ಬಗ್ಗೆ ಕೇಳುವ ಮುಂಚೆ ಪಾಳಿ, ಊಟ, ನಿದ್ದೆ, ಸಂಬಳದ ಬಗ್ಗೆ ಕೇಳಿದೆ. ಅವರ ಮಾತು ಅಲ್ಲಿಂದಲೇ ಬಿಚ್ಚಿಕೊಂಡಿತು.

ನಮ್ಮ ಪ್ರಬಂಧದ ವಿಮರ್ಶೆ ಬಂದಾಗ ಒಬ್ಬರು ಬರೆದಿದ್ದರು: ‘ಈಗಿನ ಭಾಷಾ ಮಾದರಿಗಳ (ಚಾಟ್‌ಜಿಪಿಟಿಯಂಥವುಗಳ) ಕಾಲದಲ್ಲಿ ಇದರಲ್ಲಿ ಎಐ ಯಾಕಿಲ್ಲ?’ ಸುಮ್ನೆ ತಳ್ಳಿಹಾಕುವ ಪ್ರಶ್ನೆ ಅಲ್ಲ ಇದು. ಮನುಷ್ಯರಿಗೆ ಹೇಳಲಾಗದ್ದನ್ನು ಯಂತ್ರಕ್ಕೆ ಹೇಳುವುದು ಸುಲಭ ಅಂತ ನಮ್ಮ ಮಾತುಕತೆಯಲ್ಲೂ ಕೇಳಿದ್ದೆ. ನಾಚಿಕೆ ಇಲ್ಲ, ಊರಿಗೆ ಸುದ್ದಿ ಹೋಗುವುದಿಲ್ಲ. ಆದರೆ ಆಸ್ಪತ್ರೆಯಿಂದ ಮನೆಗೆ ಹೋದವರಿಗೆ ಏನು ಕೊಟ್ಟರೆ ಸಾವು ಕಡಿಮೆಯಾಗುತ್ತದೆ ಅಂತ ಕೇಳಿದರೆ ನನಗೆ ತೋರಿಸಲು ಸಿಗುವುದು ಬೇರೆ ಥರದ ಪುರಾವೆ. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ 1,867 ಜನರ ಜೊತೆ ಒಂದು ಅಧ್ಯಯನ ಮಾಡಿ 2008ರಲ್ಲಿ ಪ್ರಕಟಿಸಿತು. ಐದರಲ್ಲಿ ಒಂದು ಕೇಂದ್ರ ನಮ್ಮ ಚೆನ್ನೈ. ಯತ್ನದ ನಂತರ ತುರ್ತು ಚಿಕಿತ್ಸೆಗೆ ಬಂದವರಲ್ಲಿ ಅರ್ಧದಷ್ಟು ಜನರಿಗೆ ಎಂದಿನ ಚಿಕಿತ್ಸೆ. ಉಳಿದವರಿಗೆ ಅದರ ಜೊತೆ ಒಂದು ಗಂಟೆಯ ತಿಳಿವಳಿಕೆ, ಆಮೇಲೆ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಫೋನ್ ಕರೆ ಅಥವಾ ಮನೆ ಭೇಟಿ. ಕೊನೆಗೆ ನೋಡಿದಾಗ ಮೊದಲ ಗುಂಪಿನಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು ಶೇ 2.2, ಎರಡನೆಯದರಲ್ಲಿ ಶೇ 0.2. ‘ಹೇಗಿದ್ದೀರಿ’ ಅಂತ ಕೇಳಿದ್ದು, ಅಷ್ಟೇ. ಕೇಳಿದವರು ಉತ್ತರವನ್ನೂ ಕೇಳಿಸಿಕೊಂಡರು. ವಿಮರ್ಶಕರಿಗೆ ಇದನ್ನೇ ಬರೆದೆ. ಪೇಪರ್ ಒಪ್ಪಿಗೆಯಾಯಿತು. ಅವರಿಗೆ ಪೂರ್ತಿ ಸಮಾಧಾನ ಆದ ಹಾಗೆ ಕಾಣಲಿಲ್ಲ.

ನಮ್ಮ ಆ್ಯಪ್ ಪ್ಲೇ ಸ್ಟೋರ್‌ನಲ್ಲಿ ಇಲ್ಲ. ಸಮಾಲೋಚಕರು ಜೊತೆಗೆ ಕೂತು ತುಂಬಿಸದೆ ಬರೀ ಡೌನ್‌ಲೋಡ್ ಮಾಡಿಕೊಂಡರೆ ಅದಕ್ಕೆ ಅರ್ಥವಿಲ್ಲ, ಹಾಗಾಗಿ ಹಾಕಲಿಲ್ಲ. ಸಂಸ್ಥೆಯ ಪ್ರಚಾರ ವಿಭಾಗದವರಿಗೆ ಇದು ಈಗಲೂ ಅರ್ಥವಾಗಿಲ್ಲ. ಕನ್ನಡದ ಹಾಳೆಯನ್ನು ಮಾತ್ರ ಅಚ್ಚು ಹಾಕಿಸಿ, ಅದರ ಕಡತವನ್ನೂ ಆಸ್ಪತ್ರೆಗೆ ಕೊಟ್ಟೆವು. ನಾಲ್ಕು ಮಡಿಕೆ ಮಾಡಿದರೆ ಪರ್ಸಿನಲ್ಲಿ ಹಿಡಿಯುವ ಅಳತೆಯದ್ದು.

ಅಲ್ಲಿ ಕೆಲಸ ಮಾಡುವಾಗ ನಮ್ಮ ಕಣ್ಣಿಗೆ ಬಿದ್ದದ್ದು ನರ್ಸ್ ಒಬ್ಬರ ರೂಲ್ಡ್ ಪುಸ್ತಕ. ಡಿಸ್ಚಾರ್ಜ್ ಆದವರಿಗೆ ಕರೆ ಮಾಡಲು ಅವರೇ ಇಟ್ಟುಕೊಂಡದ್ದು. ಯಾರಿಗೆ ಇವತ್ತು ಕರೆ ಮಾಡಬೇಕು ಅಂತ ಹುಡುಕಲು ಪುಟ ತಿರುವಬೇಕು. ರಜೆ ಹಾಕಿದರೆ ಆ ದಿನದ ಕರೆ ಬಿಟ್ಟುಹೋಗುತ್ತದೆ. ರೋಗಿಯ ಫೋನಿನಲ್ಲಿ ಅಷ್ಟು ತಲೆ ಓಡಿಸಿದ ನಮಗೆ ಈ ಪುಸ್ತಕ ಮೊದಲೇ ಕಾಣಬೇಕಿತ್ತು ಅಂತ ಗೈಡ್ ನಗುತ್ತಾರೆ. ಮುಂದಿನ ಅಧ್ಯಯನ ಇದರ ಬಗ್ಗೆಯೇ. ಇವತ್ತಿನ ಪಟ್ಟಿ ಒಂದೇ ಪರದೆಯಲ್ಲಿ, ಹಿಂದಿನ ಸಲ ಏನು ಮಾತಾಡಿದ್ದು ಅನ್ನುವುದು ಒಂದೇ ಸಾಲಿನಲ್ಲಿ, ರಜೆಯಲ್ಲಿದ್ದರೆ ಪಟ್ಟಿ ಇನ್ನೊಬ್ಬರಿಗೆ ಹೋಗುವುದು. ಕಂಪ್ಯೂಟರ್ ವಿಭಾಗದ ಹುಡುಗರಿಗೆ ಇದು ಒಂದು ವಾರದ ಕೆಲಸ.

ಕಷ್ಟ ಇರುವುದು ನಂಬರ್‌ಗಳಲ್ಲಿ. ಪುಸ್ತಕದಲ್ಲಿ ‘ಸ್ವಿಚ್ ಆಫ್’, ‘ಬೇರೆಯವರು ಎತ್ತಿದರು’, ‘ರಾಂಗ್ ನಂಬರ್’ ಅಂತ ಬರೆದ ಸಾಲುಗಳು ತುಂಬಾ ಇವೆ. ಎಂಎಲ್‌ಸಿ ಭಯಕ್ಕೆ ತಪ್ಪು ನಂಬರ್ ಕೊಟ್ಟವರು ಎಷ್ಟು, ಸಿಮ್ ಬದಲಿಸಿದವರು ಎಷ್ಟು ಅಂತ ಬಿಡಿಸಬೇಕು. ಬೇರೆಯವರು ಎತ್ತಿದಾಗ ನರ್ಸ್ ಯಾವ ಆಸ್ಪತ್ರೆ, ಯಾವ ವಿಭಾಗ ಅಂತ ಹೇಳಬೇಕಾ, ಬೇಡವಾ? ಹೇಳಿದರೆ ಗುಟ್ಟು ಹೋಗುತ್ತದೆ, ಹೇಳದಿದ್ದರೆ ಸಾಲ ವಸೂಲಿಯವರು ಅಂತ ಕರೆ ಕಟ್ ಮಾಡುತ್ತಾರೆ. ದಾಖಲಾಗುವಾಗಲೇ ‘ನಾವು ಕರೆ ಮಾಡಿದರೆ ಯಾರೆಂದು ಹೇಳಲಿ?’ ಅಂತ ರೋಗಿಯನ್ನೇ ಕೇಳಿ ಬರೆದುಕೊಳ್ಳುವ ಒಂದು ಅಂಕಣವನ್ನು ಸೇರಿಸಿ ಹೊಸ ಅರ್ಜಿಯನ್ನು ಎಥಿಕ್ಸ್ ಕಮಿಟಿಗೆ ಕೊಟ್ಟಿದ್ದೇವೆ. ಈ ಸಲವೂ ಪ್ರತಿ ಪುಟಕ್ಕೆ ಆವೃತ್ತಿ ಸಂಖ್ಯೆ ಹಾಕಿದ್ದೇನೆ.